ಸಿಒಟುವೋ ಆರ್ಗಾನೋ: ವಯರ್, ಗ್ಯಾಸ್ ಕೊಳ್ಳುವ ಮೊದಲು ಹನಿ ನೋಡಿ

"ರಾಡ್ ವೆಲ್ಡಿಂಗ್ ಬಿಟ್ಟು ಸಿಒಟುಗೆ ಬರುವ ಅಂತಿದ್ದೇನೆ ಮಾರಾಯ್ರೆ. ವಯರ್ 0.8 ತಗೊಳ್ಳುವುದಾ, 1.2 ತಗೊಳ್ಳುವುದಾ? ಮಿಕ್ಸ್ ಗ್ಯಾಸ್ ಬೇಕಾ? ಅಲ್ಲ, ಆರ್ಗಾನ್ ಮೆಷಿನ್ನೇ ತಗೊಂಡ್ರೆ ಎಲ್ಲ ಕೆಲಸ ಆಗ್ತದಾ?"

ಉಡುಪಿ ಹತ್ತಿರ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. ಗೇಟು, ಗ್ರಿಲ್ಸು, ಶೀಟ್ ಮಾಡು (ಛಾವಣಿ), ಸ್ಟೀಲ್ ರೇಲಿಂಗು, ನಡುನಡುವೆ ಮಲ್ಪೆಯ ಬೋಟುಗಳ ರಿಪೇರಿ. ತಿಂಗಳಿಗೆ ಎರಡು ಸಲವಾದರೂ ಈ ಪ್ರಶ್ನೆ ಬರುತ್ತದೆ. ಕೇಳುವವರು ಸಾಮಾನ್ಯವಾಗಿ ಮೆಷಿನ್ನಿನ ರೇಟು ವಿಚಾರಿಸಿ, ಬಣ್ಣ ಕೂಡ ಇಷ್ಟಪಟ್ಟುಕೊಂಡೇ ಬಂದಿರುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಜಾಬಿನ (ಬೆಸೆಯುವ ತುಂಡಿನ) ಮೇಲೆ ಕರಗಿದ ಲೋಹ ಹೇಗೆ ಬೀಳಬೇಕು?

ಅದೆಂಥ ಪ್ರಶ್ನೆ ಅನ್ನಿಸಬಹುದು. ಆದರೆ ವಯರಿನ ದಪ್ಪ, ಗ್ಯಾಸು, ಮೆಷಿನ್ನಿನ ಸೈಜು ಎಲ್ಲ ಅದರಿಂದಲೇ ತೀರ್ಮಾನ ಆಗುತ್ತವೆ. ನಾವು ಮಾಡುವುದು ಉಲ್ಟಾ. ಮೊದಲು ಮೆಷಿನ್ ತರುತ್ತೇವೆ, ಆಮೇಲೆ ಅದರಲ್ಲಿ ಏನು ಆಗುತ್ತೋ ಅದೇ ಸರಿ ಅಂತ ವಾದ ಮಾಡುತ್ತೇವೆ.

ಹೆಸರಿನ ಗೊಂದಲ ಮೊದಲೇ ತೆಗೆದುಬಿಡೋಣ. ರಾಡ್ ಅಂದರೆ ಹೋಲ್ಡರಿಗೆ ಸಿಕ್ಕಿಸುವ ಕಡ್ಡಿಯ ವೆಲ್ಡಿಂಗ್. ನಮ್ಮ ಕಡೆ ಮಿಗ್ ವೆಲ್ಡಿಂಗಿಗೆ ಸಿಒಟು (ಕಾರ್ಬನ್ ಡೈಆಕ್ಸೈಡ್) ವೆಲ್ಡಿಂಗ್ ಅಂತಲೇ ಹೆಸರು, ಟಿಗ್ಗಿಗೆ ಆರ್ಗಾನ್ ವೆಲ್ಡಿಂಗ್. ಎರಡರಲ್ಲೂ ಗ್ಯಾಸು ಕರಗಿದ ಲೋಹಕ್ಕೆ ಗಾಳಿ ತಾಗದ ಹಾಗೆ ಹೊದಿಕೆ. ಮಿಗ್‌ನಲ್ಲಿ ಟಾರ್ಚಿನಿಂದ ಬರುವ ವಯರೇ ಎಲೆಕ್ಟ್ರೋಡ್. ಕರಗಿ ಜಾಬಿಗೆ ಸೇರುವುದೂ ಅದೇ. ಟಿಗ್‌ನಲ್ಲಿ ಎಲೆಕ್ಟ್ರೋಡ್ ಟಂಗ್‌ಸ್ಟನ್ ಕಡ್ಡಿ. ಅದು ಕರಗುವುದಿಲ್ಲ, ಬೇಕಾದ ಲೋಹವನ್ನು ಇನ್ನೊಂದು ಕೈಯಿಂದ ಫಿಲ್ಲರ್ ಕಡ್ಡಿಯಾಗಿ ಕೊಡಬೇಕು.

ಮೊದಲು ಒಂದು ಚೀಟಿ ಬರೆಯಿರಿ

ಕಳೆದ ಆರು ತಿಂಗಳಲ್ಲಿ ನೀವು ಮಾಡಿದ ಕೆಲಸಗಳನ್ನು ನೆನಪು ಮಾಡಿಕೊಳ್ಳಿ. ಜಾಸ್ತಿ ಬಂದ ದಪ್ಪ ಎಷ್ಟು? 2 ಮಿ.ಮೀ. ಪೈಪೋ, 8 ಮಿ.ಮೀ. ಪ್ಲೇಟೋ? ಕೆಲಸ ಟೇಬಲ್ ಮೇಲೆ ಮಲಗಿಸಿ ಆಗುತ್ತದೋ, ಗೋಡೆಗೆ ನಿಂತ ಜಾಬಿಗೆ ಮೇಲಕ್ಕೆ ಎಳೆಯಬೇಕೋ? ಶೆಡ್ಡಿನ ಒಳಗೋ, ಗಾಳಿಯಲ್ಲೋ? ಬೀಡ್ (ವೆಲ್ಡಿಂಗಿನ ಗೆರೆ) ಮೇಲೆ ಪೇಂಟ್ ಬರುತ್ತದೋ, ಪಾರ್ಟಿ ಕೈಯಾಡಿಸಿ ನೋಡುತ್ತಾರೋ? ಕೊನೆಗೆ ಕರೆಂಟು. ಸಿಂಗಲ್ ಫೇಸ್ ಮಾತ್ರ ಇದ್ದರೆ ಸುಮಾರು 200 ಆಂಪ್ಸ್ ಮೆಷಿನ್‌ಗೆ ಹೆಚ್ಚುಕಡಿಮೆ ನಿಂತುಬಿಡುತ್ತೀರಿ. ಅದೊಂದೇ ಪೂರ್ತಿ ಓಡುವಾಗ 6 ಕಿಲೋವ್ಯಾಟ್ ಆಸುಪಾಸು ಎಳೆಯುತ್ತದೆ. ತ್ರೀ ಫೇಸ್ ಇದ್ದರೆ ಬೇರೆ ಲೆಕ್ಕ.

ಬಜೆಟ್ಟನ್ನು ನಾನು ಬೇಕಂತಲೇ ಕೊನೆಗೆ ಇಟ್ಟಿದ್ದೇನೆ. ಮೆಷಿನ್ನಿನ ದುಡ್ಡು ಒಂದು ಸಲ ಹೋಗುತ್ತದೆ. ಗ್ಯಾಸು, ವಯರು, ಗ್ರೈಂಡಿಂಗ್ ವೀಲು, ಹೆಲ್ಪರಿನ ಸಂಬಳ ದಿನಾ ಹೋಗುತ್ತವೆ.

ಹನಿ ಬೀಳುವ ಬಗೆ

ಮಳೆಗಾಲದಲ್ಲಿ ಹಂಚಿನ ಮಾಡಿನ ಅಂಚು ನೋಡಿದ್ದೀರಲ್ಲ. ಮಳೆ ನಿಂತ ಮೇಲೆ ಒಂದು ಹನಿ ತುದಿಯಲ್ಲಿ ಊದುತ್ತಾ ಊದುತ್ತಾ ದಪ್ಪ ಆಗಿ, ತನ್ನ ಭಾರಕ್ಕೆ ತಾನೇ ಟಪ್ ಅಂತ ಬೀಳುತ್ತದೆ. ಕೆಳಗೆ ನೀರು ನಿಂತಿದ್ದರೆ ಸುತ್ತ ಚಿಮ್ಮುತ್ತದೆ. ವಯರಿನ ತುದಿಯಲ್ಲೂ ಇಂಥದ್ದೇ ನಡೆಯುತ್ತದೆ, ಆದರೆ ಅಲ್ಲಿ ಭಾರದ ಜೊತೆ ಇನ್ನೆರಡು ಸಂಗತಿ ಸೇರುತ್ತವೆ. ಕರೆಂಟು ಹರಿಯುವಾಗ ಹುಟ್ಟುವ ಕಾಂತದ ಬಲ ಹನಿಯ ಕುತ್ತಿಗೆ ಹಿಸುಕಿ ಬೀಳಿಸಲು ನೋಡುತ್ತದೆ. ಗ್ಯಾಸು ಅದಕ್ಕೆ ಜೊತೆ ಕೊಡಬಹುದು, ಅಡ್ಡ ನಿಲ್ಲಲೂಬಹುದು.

ಸಿಒಟು ಅಡ್ಡ ನಿಲ್ಲುವ ಗ್ಯಾಸು. ಆರ್ಕಿನ, ಅಂದರೆ ವಯರಿಗೂ ಜಾಬಿಗೂ ನಡುವೆ ಉರಿಯುವ ಕರೆಂಟಿನ ಕಿಡಿಯ, ಬಿಸಿಗೆ ಅದು ಒಡೆದು ತುಂಬಾ ಶಾಖ ತಿನ್ನುತ್ತದೆ. ಆಗ ಆರ್ಕ್ ಕುಗ್ಗಿ ಹನಿಯ ಅಡಿಯಲ್ಲಿ ಒಂದೇ ಕಡೆ ನಿಲ್ಲುತ್ತದೆ, ಹನಿಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಹನಿ ಬೀಳದೆ ಅತ್ತಿತ್ತ ಓಲಾಡಿ ಊದುತ್ತದೆ. ಆರ್ಗಾನ್ ಜಾಸ್ತಿ ಇದ್ದರೆ ಆರ್ಕ್ ಅಗಲವಾಗಿ ಹರಡಿ ಹನಿಯನ್ನು ಸುತ್ತಿಕೊಳ್ಳುತ್ತದೆ. ಹಿಸುಕುವ ಬಲಕ್ಕೆ ದಾರಿ ಸಿಗುತ್ತದೆ. ಹನಿ ಸಣ್ಣದಿರುವಾಗಲೇ ಕಳಚಿಕೊಳ್ಳುತ್ತದೆ.

ಮಿಗ್ 1948ರಲ್ಲಿ ಅಮೆರಿಕದಲ್ಲಿ ಬಂದದ್ದು ಅಲ್ಯೂಮಿನಿಯಂ ಬೆಸೆಯಲು, ಅದೂ ದುಬಾರಿ ಗ್ಯಾಸಿನಲ್ಲಿ. ಕಬ್ಬಿಣಕ್ಕೆ ಅಗ್ಗದ ಸಿಒಟು ಸಾಕು ಅಂತ ಗೊತ್ತಾದದ್ದು 1953ರಲ್ಲಿ. ನಮ್ಮಂಥ ಶೆಡ್ಡುಗಳಿಗೆ ಇದು ಕೈಗೆಟುಕಿದ್ದು ಆ ಅಗ್ಗದ ಗ್ಯಾಸಿನಿಂದ. ಕಿಡಿ ಸಿಡಿಯುವ ತಲೆನೋವೂ ಅದರ ಜೊತೆಗೇ ಬಂತು.

ಮುಟ್ಟಿ ಬಿಡುವ ವೆಲ್ಡಿಂಗ್: ಷಾರ್ಟ್ ಆರ್ಕ್

ನಮ್ಮ ಕಡೆ ಹತ್ತರಲ್ಲಿ ಎಂಟು ಶೆಡ್ಡಿನಲ್ಲಿ ನಡೆಯುವುದು ಇದೇ. ಇಲ್ಲಿ ಹನಿ ಗಾಳಿಯಲ್ಲಿ ಹಾರುವುದೇ ಇಲ್ಲ. ವಯರು ಕೆಳಗಿನ ಕರಗಿದ ಲೋಹದ ಗುಂಡಿಗೆ ತಾಗುತ್ತದೆ, ಷಾರ್ಟ್ ಆಗುತ್ತದೆ, ಕರೆಂಟು ಏರಿ ತುದಿ ಕಡಿದು ಬೀಳುತ್ತದೆ, ಆರ್ಕ್ ಮತ್ತೆ ಹತ್ತುತ್ತದೆ. ಸೆಕೆಂಡಿಗೆ 20ರಿಂದ 200 ಸಲ. ಸೆಟ್ಟಿಂಗ್ ಸರಿ ಇದ್ದರೆ ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಒಂದೇ ಸಮ ಚಟಚಟ ಕೇಳುತ್ತದೆ. ನಮ್ಮ ಹುಡುಗರಿಗೆ ನಾನು ಮೀಟರ್ ನೋಡಲು ಹೇಳುವ ಮೊದಲು ಕಿವಿ ಕೊಡಲು ಹೇಳುತ್ತೇನೆ. ಚಟಚಟ ಹೋಗಿ ಢಬ್ ಢಬ್ ಅಂದರೆ ವಯರ್ ಸ್ಪೀಡಿಗೆ ವೋಲ್ಟೇಜು ಸಾಲುತ್ತಿಲ್ಲ ಅಂತ ಅರ್ಥ.

ಇದಕ್ಕೆ ಬೇಕಾದದ್ದು 0.8 ಮಿ.ಮೀ. ವಯರು, ಬರೀ ಸಿಒಟು, ಸಿಂಗಲ್ ಫೇಸ್ 200 ಆಂಪ್ಸ್ ಮೆಷಿನ್. 2 ಮಿ.ಮೀ. ಸ್ಕ್ವೇರ್ ಪೈಪಿಗೆ 80ರಿಂದ 100 ಆಂಪ್ಸ್, 17ರಿಂದ 19 ವೋಲ್ಟ್ ಸುತ್ತಮುತ್ತ. ಬಿಸಿ ಕಡಿಮೆ, ಹಾಗಾಗಿ ತೆಳು ಪೈಪು ತೂತು ಬೀಳುವುದಿಲ್ಲ, ಗೇಟಿನ ಫ್ರೇಮು ಸೊಟ್ಟ ಆಗುವುದಿಲ್ಲ. ನಿಂತು, ಮಲಗಿ, ತಲೆ ಮೇಲೆ ಎಲ್ಲ ಕಡೆಯೂ ಆಗುತ್ತದೆ. ಗೇಟು, ಗ್ರಿಲ್ಲು, ಟ್ರಸ್ಸಿನ ಪೈಪು ಮಾಡುವವರಿಗೆ ಇದಕ್ಕಿಂತ ಬೇರೆ ಹುಡುಕುವುದು ದಂಡ.

ಆದರೆ ಕಡಿಮೆ ಬಿಸಿಯೇ ಇದರ ಪೇಚು. ಕೆಲವು ವರ್ಷದ ಹಿಂದೆ ಒಂದು ಐಸ್ ಪ್ಲಾಂಟಿನವರಿಗೆ 8 ಮಿ.ಮೀ. ಪ್ಲೇಟಿನ ಬ್ರಾಕೆಟ್ ಮಾಡಿದೆ. ಇದೇ 0.8 ವಯರು, ಇದೇ ಸೆಟ್ಟಿಂಗು. ಬೀಡ್ ನೋಡಲು ಎಷ್ಟು ಚೆಂದ ಬಂದಿತ್ತು ಅಂದರೆ ಫೋಟೋ ತೆಗೆದುಕೊಂಡೆ. ಫಿಟ್ಟಿಂಗಿಗೆ ಸ್ವಲ್ಪ ಅಡ್ಡ ಬಂತು ಅಂತ ಹೆಲ್ಪರ್ ಸುತ್ತಿಗೆಯಿಂದ ಎರಡು ಏಟು ಕೊಟ್ಟ. ಮೂರನೇ ಏಟಿಗೆ ಪ್ಲೇಟು ಕಳಚಿ ಕೆಳಗೆ ಬಿತ್ತು. ಎತ್ತಿ ನೋಡಿದರೆ ಬೀಡ್ ಪೂರ್ತಿ ಒಂದು ಬದಿಯಲ್ಲಿ ಅಂಟಿಕೊಂಡಿದೆ. ಇನ್ನೊಂದು ಬದಿಯಲ್ಲಿ ಪ್ಲೇಟಿನ ಮೂಲ ಅಂಚು ಹಾಗೇ ಇದೆ, ಮಿಲ್ಲಿನ ಕಪ್ಪು ಪದರ ಸಹ ಕರಗಿಲ್ಲ. ಲೋಹ ಪ್ಲೇಟಿನ ಮೇಲೆ ಮಲಗಿತ್ತು ಅಷ್ಟೇ, ಸೇರಿರಲಿಲ್ಲ. "ಅಣ್ಣಾ, ಇದು ಫೆವಿಕಾಲ್ ಹಾಕಿದ ಹಾಗಿದೆ" ಅಂದ ಅವನು. ಇದಕ್ಕೆ ಕೋಲ್ಡ್ ಲ್ಯಾಪ್ ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ, ಅದೇ ಹೆದರಿಕೆ. ಅಂದಿನಿಂದ 5 ಮಿ.ಮೀ. ದಾಟಿದ, ಭಾರ ಹೊರುವ ಜಾಬಿಗೆ ನಾನು ಷಾರ್ಟ್ ಆರ್ಕ್ ಹಾಕುವುದಿಲ್ಲ.

ಹಾಗಾದರೆ ಅದೇ ಸಿಒಟುವಿನಲ್ಲಿ ಕರೆಂಟು ಏರಿಸಿದರೆ? ಆಗ ಬರುವುದು ಮಾಡಿನ ಅಂಚಿನ ದಪ್ಪ ಹನಿ. ವಯರಿಗಿಂತ ದೊಡ್ಡ ಉಂಡೆಗಳು ವಕ್ರವಾಗಿ ಬೀಳುತ್ತವೆ. ಒಳಗೆ ಚೆನ್ನಾಗಿ ಇಳಿಯುತ್ತದೆ, ನಿಜ. ಆದರೆ ನಾಝಲ್ ಪೂರ್ತಿ ಸ್ಪ್ಯಾಟರು (ಸಿಡಿದು ಅಂಟಿದ ಲೋಹದ ಹನಿ), ಜಾಬಿನ ಸುತ್ತ ಸ್ಪ್ಯಾಟರು, ಅಂಗಿಯಲ್ಲಿ ತೂತು. ಮಲಗಿಸಿದ ಜಾಬಿಗೆ ಬಿಟ್ಟರೆ ಬೇರೆಲ್ಲೂ ನಿಲ್ಲುವುದಿಲ್ಲ. ಬೇಕಂತ ಇದನ್ನು ಆರಿಸಿಕೊಳ್ಳಬೇಡಿ.

ತುಂತುರು: ಸ್ಪ್ರೇ

ನೂರರಲ್ಲಿ ಆರ್ಗಾನ್ 80 ಭಾಗಕ್ಕಿಂತ ಕಡಿಮೆ ಇಲ್ಲದ, ಉಳಿದದ್ದು ಸಿಒಟು ಇರುವ ಮಿಕ್ಸ್ ಗ್ಯಾಸು ಹಾಕಿ, ಕರೆಂಟನ್ನು ಒಂದು ಮಟ್ಟ ದಾಟಿಸಿದರೆ ಹನಿಗಳು ವಯರಿಗಿಂತ ಸಣ್ಣದಾಗಿ, ಸಾಲಾಗಿ, ನೇರವಾಗಿ ಇಳಿಯುತ್ತವೆ. ಚಟಚಟ ನಿಂತು ಸುಯ್ಯೆನ್ನುವ ಸದ್ದು ಮಾತ್ರ ಉಳಿಯುತ್ತದೆ. ಮೊದಲ ಸಲ ಕೇಳಿದಾಗ ಮೆಷಿನ್ ಕೆಟ್ಟಿತೋ ಅಂದುಕೊಂಡಿದ್ದೆ. ಸ್ಪ್ಯಾಟರ್ ಇಲ್ಲವೇ ಇಲ್ಲ ಅನ್ನಬಹುದು. 1.2 ಮಿ.ಮೀ. ವಯರಿಗೆ ಆ ಮಟ್ಟ ಸುಮಾರು 220ರಿಂದ 230 ಆಂಪ್ಸ್. ಸಿಒಟು 20 ಭಾಗ ದಾಟಿದರೆ ಎಷ್ಟು ಆಂಪ್ಸ್ ಕೊಟ್ಟರೂ ಇದು ಬರುವುದಿಲ್ಲ. 75-25 ಗ್ಯಾಸ್ (75 ಆರ್ಗಾನ್, 25 ಸಿಒಟು) ತಂದು "ಸ್ಪ್ರೇ ಬರ್ತಿಲ್ಲ" ಅಂತ ಮೆಷಿನ್ ಅಂಗಡಿಯವನ ಜೊತೆ ಜಗಳ ಆಡಿದವರನ್ನು ನೋಡಿದ್ದೇನೆ.

ವೇಗದ ಲೆಕ್ಕ ನೋಡಿ. 0.8 ವಯರು ಮೀಟರಿಗೆ ಸುಮಾರು 4 ಗ್ರಾಂ. ನಿಮಿಷಕ್ಕೆ 5 ಮೀಟರ್ ಬಿಟ್ಟರೆ ಗಂಟೆಗೆ 1.2 ಕೆ.ಜಿ. 1.2 ವಯರು ಮೀಟರಿಗೆ ಸುಮಾರು 9 ಗ್ರಾಂ. ನಿಮಿಷಕ್ಕೆ 8 ಮೀಟರ್ ಓಡಿದರೆ ಗಂಟೆಗೆ 4 ಕೆ.ಜಿ. ದಾಟುತ್ತದೆ. ಹೆಚ್ಚುಕಡಿಮೆ ಮೂರೂವರೆ ಪಟ್ಟು. ಮಂಗಳೂರಿನ ಬೈಕಂಪಾಡಿ ಕಡೆ ಟ್ಯಾಂಕು, ಚಾಸಿಸ್ಸು, ದಪ್ಪ ಪ್ಲೇಟಿನ ಸ್ಟ್ರಕ್ಚರ್ ದಿನವಿಡೀ ಮಾಡುವವರಿಗೆ ಇದು ದುಡ್ಡು.

ಬದಲಿಗೆ ಕೊಡಬೇಕಾದದ್ದೂ ಇದೆ. ತ್ರೀ ಫೇಸ್ ಬೇಕು, 350 ಆಂಪ್ಸಿನ ಮೆಷಿನ್ ಬೇಕು, ಅದೂ 250 ಆಂಪ್ಸಿನಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷವಾದರೂ ನಿಲ್ಲದೆ ಓಡುವಂಥದ್ದು. ಗುಂಡಿ ತೆಳ್ಳಗೆ ನೀರಾಗಿರುತ್ತದೆ, ನಿಂತ ಜಾಬಿನಲ್ಲಿ ಸೋರಿ ಇಳಿಯುತ್ತದೆ. ಮಲಗಿಸಿದ ಜಾಬಿಗೆ ಮಾತ್ರ. 3 ಮಿ.ಮೀ.ಗಿಂತ ತೆಳು ಪೈಪಿನ ಹತ್ತಿರ ತರಲೇಬೇಡಿ.

ಗ್ಯಾಸಿನ ಖರ್ಚು ಕೂಡ. 30 ಕೆ.ಜಿ. ಸಿಒಟು ಸಿಲಿಂಡರಿನಿಂದ ಸುಮಾರು 16,000 ಲೀಟರ್ ಗ್ಯಾಸ್ ಬರುತ್ತದೆ. ನಿಮಿಷಕ್ಕೆ 12 ಲೀಟರಿನಂತೆ 22 ಗಂಟೆ ಆರ್ಕ್ ಉರಿಸಬಹುದು. 7 ಘನ ಮೀಟರಿನ ಮಿಕ್ಸ್ ಸಿಲಿಂಡರ್ 7,000 ಲೀಟರ್, ಅದೇ ಹರಿವಿಗೆ ಹತ್ತು ಗಂಟೆ ಕೂಡ ಬರುವುದಿಲ್ಲ. ಡೀಲರ್ ಹತ್ತಿರ ರೇಟು ಕೇಳುವಾಗ ಸಿಲಿಂಡರ್ ರೇಟು ಹೋಲಿಸಬೇಡಿ, ಗಂಟೆಗೆ ಎಷ್ಟು ಬಿತ್ತು ಅಂತ ಹೋಲಿಸಿ. ಅದರ ಎದುರು ಗ್ರೈಂಡಿಂಗ್ ಉಳಿದ ಹೊತ್ತನ್ನೂ ಇಡಿ.

ಒಂದು ಮಧ್ಯದ ದಾರಿ ಇದೆ. 0.8 ವಯರಿನ ಷಾರ್ಟ್ ಆರ್ಕಿಗೇ 80-20 ಗ್ಯಾಸು ಹಾಕುವುದು. ಸ್ಪ್ರೇ ಆಗುವುದಿಲ್ಲ, ಆದರೆ ಸ್ಪ್ಯಾಟರ್ ಚೆನ್ನಾಗಿ ಇಳಿಯುತ್ತದೆ. ಪೌಡರ್ ಕೋಟಿಂಗಿಗೆ ಹೋಗುವ ಗೇಟು, ಫರ್ನಿಚರ್ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಸಾದಾ ಪೇಂಟಿನ ಟ್ರಸ್ಸಿಗೆ ಇದು ಬೇಡ.

ಪಲ್ಸ್ ಮೆಷಿನ್ನು ಅಂತ ಇನ್ನೊಂದು ಬರುತ್ತದೆ. ಕರೆಂಟನ್ನು ಏರಿಸಿ ಇಳಿಸಿ ಒಂದೊಂದು ಏರಿಕೆಗೆ ಒಂದು ಹನಿ ಬೀಳಿಸುತ್ತದೆ. ಸ್ಪ್ರೇಯ ನಯ, ಕಡಿಮೆ ಬಿಸಿ, ನಿಂತ ಜಾಬಿಗೂ ಆಗುತ್ತದೆ. ಸ್ಟೇನ್‌ಲೆಸ್ಸು, ಅಲ್ಯೂಮಿನಿಯಂ ದಿನಾ ಮಾಡುವವರಿಗೆ ಕೊಟ್ಟ ದುಡ್ಡು ವಾಪಸ್ ಬರುತ್ತದೆ. ಗೇಟು ಮಾಡಲು ಇದನ್ನು ತರುವುದು ಪೇಟೆಗೆ ಹೋಗಲು ಟ್ರ್ಯಾಕ್ಟರ್ ಕೊಂಡ ಹಾಗೆ.

ದಪ್ಪ ಪ್ಲೇಟು, ನಿಂತ ಜಾಬು, ಕಡಲ ಗಾಳಿ

ದಪ್ಪ ಪ್ಲೇಟು ಷಾರ್ಟ್ ಆರ್ಕಿಗೆ ಆಗುವುದಿಲ್ಲ, ನಿಂತ ಜಾಬು ಸ್ಪ್ರೇಗೆ ಆಗುವುದಿಲ್ಲ. ಎರಡೂ ಒಟ್ಟಿಗೆ ಬಂದರೆ? ಬೋಟಿನ ಅಡಿಯ ಪ್ಲೇಟು ಹಾಗೇ ಬರುವುದು. ಅಲ್ಲಿಗೆ ಫ್ಲಕ್ಸ್ ಕೋರ್ ವಯರು. ನೋಡಲು ಸಾದಾ ವಯರಿನ ಹಾಗೇ ಇರುತ್ತದೆ, ಆದರೆ ಒಳಗೆ ಟೊಳ್ಳು, ಅದರಲ್ಲಿ ಪುಡಿ ತುಂಬಿರುತ್ತದೆ. ಪುಡಿ ಕರಗಿ ಬೀಡಿನ ಮೇಲೆ ಸ್ಲ್ಯಾಗ್ ಆಗುತ್ತದೆ, ಬೇಗ ಗಟ್ಟಿಯಾಗಿ ಗುಂಡಿ ಜಾರದ ಹಾಗೆ ಅಂಗೈ ಒಡ್ಡಿದಂತೆ ಹಿಡಿಯುತ್ತದೆ. ಇ71ಟಿ-1 ಅಂತ ಬರೆದಿರುವ 1.2 ಮಿ.ಮೀ. ವಯರನ್ನು ಸಿಒಟುವಿನಲ್ಲೇ 200 ಆಂಪ್ಸ್ ಆಸುಪಾಸಿನಲ್ಲಿ ಓಡಿಸಿ ಮೇಲಕ್ಕೆ ಎಳೆಯಬಹುದು. ಹಡಗು ಕಟ್ಟುವ ಯಾರ್ಡುಗಳಲ್ಲಿ ಜಾಸ್ತಿ ಓಡುವುದು ಇಂಥ ವಯರೇ. ಕೆ.ಜಿ.ಗೆ ಸಾದಾ ವಯರಿಗಿಂತ ರೇಟು ಜಾಸ್ತಿ, ಸ್ಲ್ಯಾಗ್ ಕೆರೆಯುವ ಕೆಲಸವೂ ಇದೆ, ಹೊಗೆಯೂ ಜಾಸ್ತಿ. ರೋಲರ್ ಗೀರು ಇರುವಂಥದ್ದು ಹಾಕಿ, ಬಿಗಿ ಮಾಡಬೇಡಿ. ಟೊಳ್ಳು ವಯರು ಚಪ್ಪಟೆ ಆಗುತ್ತದೆ.

ಇನ್ನು ಗಾಳಿ. ಗ್ಯಾಸಿನ ಹೊದಿಕೆ ಗಂಟೆಗೆ 8 ಕಿ.ಮೀ. ಗಾಳಿಗೇ ಹಾರಲು ಶುರುವಾಗುತ್ತದೆ. ಮಲ್ಪೆ, ಕಾಪು, ಪಣಂಬೂರಿನಲ್ಲಿ ಮಧ್ಯಾಹ್ನ ಮೂರರ ಕಡಲಗಾಳಿ ಅದಕ್ಕಿಂತ ಎಷ್ಟೋ ಜೋರು. ಬೀಡ್ ತುಂಬ ಜೇನುಗೂಡಿನ ಹಾಗೆ ತೂತು ಬೀಳುತ್ತದೆ. ಫ್ಲೋ ಏರಿಸಿ 25 ಲೀಟರ್ ಮಾಡಿದರೆ ಸರಿ ಆಗುತ್ತದೆ ಅಂತ ಕೆಲವರು ಮಾಡುತ್ತಾರೆ. ಅದರಿಂದ ಗ್ಯಾಸು ಸುಳಿ ತಿರುಗಿ ಹೊರಗಿನ ಗಾಳಿಯನ್ನು ಇನ್ನೂ ಒಳಗೆ ಎಳೆಯುತ್ತದೆ. ಟಾರ್ಪಲ್ ಕಟ್ಟಿ. ಕಟ್ಟಲು ಜಾಗ ಇಲ್ಲದ ಮಾಡಿನ ಮೇಲೆ ಗ್ಯಾಸ್ ಬೇಡದ ಫ್ಲಕ್ಸ್ ವಯರ್ ಸಿಗುತ್ತದೆ, ಅದಕ್ಕೆ ಟಾರ್ಚನ್ನು ಮೈನಸ್ಸಿಗೆ ಹಾಕಬೇಕು. ಸಾದಾ ವಯರಿಗೆ ಟಾರ್ಚ್ ಪ್ಲಸ್ಸು. ನನ್ನನ್ನು ಕೇಳಿದರೆ ಮಾಡಿನ ಮೇಲೆ ರಾಡೇ ವಾಸಿ. ಮಿಗ್ ತಂದ ಕೂಡಲೇ ರಾಡ್ ಮೆಷಿನ್ ಮಾರಬೇಡಿ.

ಆರ್ಗಾನ್ ಮೆಷಿನ್ ಒಂದೇ ಸಾಕಾ?

ಚೆಂದ, ಸ್ವಚ್ಛ, ನಿಧಾನ. ಟಿಗ್ಗಿನಲ್ಲಿ ಹನಿ ಬೀಳುವ ಪ್ರಶ್ನೆಯೇ ಇಲ್ಲ. ಬಿಸಿ ಒಂದು ಕೈಯಲ್ಲಿ, ಲೋಹ ಇನ್ನೊಂದು ಕೈಯಲ್ಲಿ. ಅದಕ್ಕೇ ಸ್ಟೀಲ್ ರೇಲಿಂಗು, ಮೀನಿನ ಫ್ಯಾಕ್ಟರಿಯ ಟೇಬಲ್ಲು, ಹೋಟೆಲ್ ಅಡುಗೆಮನೆಯ ಸಿಂಕು ಮಾಡುವವರಿಗೆ ಬೇರೆ ದಾರಿ ಇಲ್ಲ. ಆದರೆ 40 ಅಡಿ ಟ್ರಸ್ಸನ್ನು ಟಿಗ್ಗಿನಲ್ಲಿ ಮಾಡುತ್ತೇನೆ ಅಂದರೆ ಮಳೆ ಬಂದು ಹೋದರೂ ಮಾಡು ಏರುವುದಿಲ್ಲ.

ಟಂಗ್‌ಸ್ಟನ್ ಕಡ್ಡಿಯ ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮಲ್ಲಿ ಎಲ್ಲರೂ ಕೆಂಪು ತುದಿಯದ್ದೇ ಕೇಳುವುದು. ಅದರಲ್ಲಿ 2 ಭಾಗ ಥೋರಿಯಂ ಆಕ್ಸೈಡ್ ಇದೆ. ಕೊಲ್ಲಂ ಕಡೆಯ ಕಡಲ ಮರಳಿನ ಮೊನಜೈಟ್‌ನಲ್ಲಿರುವ ಅದೇ ಥೋರಿಯಂ, ಸ್ವಲ್ಪ ವಿಕಿರಣ ಇರುವಂಥದ್ದು. ವೆಲ್ಡ್ ಮಾಡುವಾಗ ಹೆದರಿಕೆ ಇಲ್ಲ, ತುದಿ ಚೂಪು ಮಾಡುವಾಗಿನ ಧೂಳು ಮೂಗಿಗೆ ಹೋಗಬಾರದು. ಚಿನ್ನದ ಬಣ್ಣದ್ದೋ ನೀಲಿಯದ್ದೋ ತನ್ನಿ. ಅದು ಲ್ಯಾಂಥನಂ, ಕೆಲಸದಲ್ಲಿ ಏನೂ ಕಡಿಮೆ ಇಲ್ಲ, ಅಲ್ಯೂಮಿನಿಯಂಗೂ ಆಗುತ್ತದೆ. 1.6 ಮಿ.ಮೀ. ಕಡ್ಡಿ 150 ಆಂಪ್ಸ್ ತನಕ ಸಾಕು, ಅದರ ಮೇಲೆ 2.4. ಗೀರುಗಳು ಕಡ್ಡಿಯ ಉದ್ದಕ್ಕೆ ಬರುವ ಹಾಗೆ ಸಾಣೆ ಹಿಡಿಯಿರಿ. ಅಡ್ಡ ಹಿಡಿದರೆ ಆರ್ಕ್ ಅಲೆಯುತ್ತದೆ.

ಅಲ್ಯೂಮಿನಿಯಂ ಮಾಡುವ ಆಸೆ ಇದ್ದರೆ ಮೆಷಿನ್ ಕೊಳ್ಳುವಾಗಲೇ ಎಸಿ-ಡಿಸಿ ಎರಡೂ ಇರುವುದನ್ನು ನೋಡಿ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಅದರ ಮೇಲಿನ ಆಕ್ಸೈಡ್ ಪದರಕ್ಕೆ 2,000 ಡಿಗ್ರಿ ದಾಟಬೇಕು. ಆ ಪದರ ಕಿತ್ತುಹಾಕುವುದು ಎಸಿ. ಡಿಸಿ ಮೆಷಿನ್ ಮಾತ್ರ ಇಟ್ಟುಕೊಂಡು ಎಷ್ಟು ಒದ್ದಾಡಿದರೂ ಅಷ್ಟೇ. ಗ್ಯಾಸು ಶುದ್ಧ ಆರ್ಗಾನೇ ಆಗಬೇಕು. ಮಿಗ್‌ನ ಮಿಕ್ಸ್ ಸಿಲಿಂಡರ್ ಜೋಡಿಸಿದರೆ ಟಂಗ್‌ಸ್ಟನ್ ಉರಿದು ಕಪ್ಪಾಗುತ್ತದೆ.

ಸ್ಟೀಲಿಗೆ (ಸ್ಟೇನ್‌ಲೆಸ್ಸಿಗೆ) ಫಿಲ್ಲರ್ ಕಡ್ಡಿ: 304 ದರ್ಜೆಯದ್ದಕ್ಕೆ 308ಎಲ್, 316ಕ್ಕೆ 316ಎಲ್, ಸ್ಟೀಲ್ ಕಂಬವನ್ನು ಕಬ್ಬಿಣದ ಬೇಸ್ ಪ್ಲೇಟಿಗೆ ಹಿಡಿಸಲು 309ಎಲ್. ಕಡಲಿಗೆ ಕಾಣುವ ಮನೆಗೆ 304 ಹಾಕಿದರೆ ಕಂದು ಕಲೆ ಬರುತ್ತದೆ, ಪಾರ್ಟಿಗೆ ಮೊದಲೇ ಹೇಳಿಬಿಡಿ. ಸ್ಟೀಲನ್ನು ಮಿಗ್‌ನಲ್ಲಿ ಮಾಡುವುದಾದರೆ ಬರೀ ಸಿಒಟು ಹಾಕಬೇಡಿ. ಬೀಡಿಗೆ ಕಾರ್ಬನ್ ಸೇರಿ ತುಕ್ಕು ಹಿಡಿಯುತ್ತದೆ. 2 ಭಾಗ ಸಿಒಟು ಇರುವ ಆರ್ಗಾನ್ ಸಾಕು.

ನಾನು ಕೊಳ್ಳುವುದಾದರೆ

ಗೇಟು-ಗ್ರಿಲ್ಲು, ಶೀಟ್ ಮಾಡು, ಮನೆ ಕರೆಂಟು, ಕೈಯಲ್ಲಿ ದುಡ್ಡು ಕಡಿಮೆ: ಸಿಂಗಲ್ ಫೇಸ್ 200 ಆಂಪ್ಸ್ ಮಿಗ್, 0.8ರ ಇಆರ್70ಎಸ್-6 ವಯರು, ಸಿಒಟು. ಆ ಕೊನೆಯ 6ರಲ್ಲಿ ಮ್ಯಾಂಗನೀಸು, ಸಿಲಿಕಾನು ಜಾಸ್ತಿ ಇರುತ್ತದೆ. ನಮ್ಮ ಊರಿನಲ್ಲಿ ತುಕ್ಕಿಲ್ಲದ ಪೈಪು ಎಲ್ಲಿ ಸಿಗುತ್ತದೆ? ಸ್ವಲ್ಪ ತುಕ್ಕನ್ನು ಅದು ತಡೆದುಕೊಳ್ಳುತ್ತದೆ. ಜಿಪಿ (ಸತು ಲೇಪದ) ಪೈಪಾದರೆ ಜಾಯಿಂಟಿನ ಹತ್ತಿರದ ಸತುವನ್ನು ಉಜ್ಜಿ ತೆಗೆದೇ ವೆಲ್ಡ್ ಮಾಡಿ. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಜ್ವರ ಗ್ಯಾರಂಟಿ.

ರೇಲಿಂಗು, ಕಿಚನ್ ಕೆಲಸವೇ ಜಾಸ್ತಿಯಾದರೆ ಮೊದಲು ಟಿಗ್. ಹೆಚ್ಚಿನ ಟಿಗ್ ಮೆಷಿನ್ನುಗಳಲ್ಲಿ ರಾಡೂ ಓಡುತ್ತದೆ, ಚಿಲ್ಲರೆ ಕಬ್ಬಿಣದ ಕೆಲಸ ನಡೆದುಹೋಗುತ್ತದೆ. ಬೋಟು, ದಪ್ಪ ಪ್ಲೇಟು ಬರುವವರು ತ್ರೀ ಫೇಸ್ 350 ಆಂಪ್ಸ್ ತೆಗೆದುಕೊಳ್ಳಿ. ಫ್ಲಕ್ಸ್ ಕೋರ್ ಮತ್ತು ಸಿಒಟುವಿನಿಂದ ಶುರು ಮಾಡಿ, ಮಲಗಿಸಿ ಮಾಡುವ ಕೆಲಸ ದಿನಾ ಸಿಗತೊಡಗಿದ ಮೇಲೆ ಸ್ಪ್ರೇಯ ಮಿಕ್ಸ್ ಗ್ಯಾಸಿಗೆ ಹೋಗಿ. ಮೆಷಿನ್ ಅದೇ ಸಾಕು.

ಯಾವುದು ತಂದರೂ ಜೂನ್ ಬಂತೆಂದರೆ ವಯರನ್ನು ರಾತ್ರಿ ಮೆಷಿನ್ನಿನಲ್ಲಿ ಬಿಡಬೇಡಿ. ತಾಮ್ರದ ಲೇಪ ಇದ್ದರೂ ನಮ್ಮ ತೇವಕ್ಕೆ ವಾರದಲ್ಲಿ ಕೆಂಪಾಗುತ್ತದೆ, ಲೈನರಿನಲ್ಲಿ (ವಯರು ಹಾದುಹೋಗುವ ಕೊಳವೆಯಲ್ಲಿ) ಸಿಕ್ಕಿಹಾಕಿಕೊಳ್ಳುತ್ತದೆ. ಫ್ಲಕ್ಸ್ ಕೋರ್ ಇನ್ನೂ ಸೂಕ್ಷ್ಮ. ನಾನು ಒಂದು ಹಳೇ ಫ್ರಿಜ್ಜಿನೊಳಗೆ 40 ವ್ಯಾಟಿನ ಹಳದಿ ಬಲ್ಬ್ ಹಾಕಿ ಸ್ಪೂಲುಗಳನ್ನು ಇಡುತ್ತೇನೆ. ಸಿಒಟುಗೆ ಹೀಟರ್ ಇರುವ ರೆಗ್ಯುಲೇಟರೇ ತನ್ನಿ, ಇಲ್ಲದಿದ್ದರೆ ಐಸ್ ಕಟ್ಟುತ್ತದೆ. ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಅಂತ ಮೀಟರ್ ಹೇಳುವುದಿಲ್ಲ. ಒಳಗೆ ದ್ರವ ಇರುವ ತನಕ ಪ್ರೆಶರ್ ಇಳಿಯುವುದಿಲ್ಲ, ತೂಕವೇ ನೋಡಬೇಕು.

ಮೆಷಿನ್ ಅಂಗಡಿಗೆ ಹೋಗುವಾಗ ನಿಮ್ಮದೇ ಸ್ಕ್ರ್ಯಾಪಿನಿಂದ ಎರಡು ತುಂಡು ಪ್ಲೇಟು ಕೊಂಡುಹೋಗಿ, ನೀವು ಮಾಡುವ ಅತಿ ದಪ್ಪದ್ದು. ಟಿ ಆಕಾರಕ್ಕೆ ನಿಲ್ಲಿಸಿ ಒಂದೇ ಬದಿ ವೆಲ್ಡ್ ಮಾಡಿಸಿ. ಆರಿದ ಮೇಲೆ ಬೀಡ್ ಇರುವ ಬದಿಗೇ ಬಗ್ಗುವ ಹಾಗೆ, ಹಿಂದಿನಿಂದ ದೊಡ್ಡ ಸುತ್ತಿಗೆಯಲ್ಲಿ ಹೊಡೆಯಿರಿ. ಅಂಗಡಿಯವನಿಗೆ ಸಿಟ್ಟು ಬರಬಹುದು, ಪರವಾಗಿಲ್ಲ. ಪ್ಲೇಟು ಬಗ್ಗಿದರೆ ದುಡ್ಡು ಕೊಡಿ. ಕಳಚಿ ಬಿದ್ದು ಅಂಚು ಹೊಸದರಂತೆ ಹೊಳೆದರೆ ಆ ದಪ್ಪಕ್ಕೆ ಆ ಸೆಟ್ಟಿಂಗ್ ಅಲ್ಲ. ವೋಲ್ಟೇಜು, ಸ್ಪೀಡು ಏರಿಸಿ ಇನ್ನೊಮ್ಮೆ ಮಾಡಿಸಿ. ಆಗಲೂ ಕಳಚಿದರೆ ತುಂಡುಗಳನ್ನು ಎತ್ತಿಕೊಂಡು ಮುಂದಿನ ಅಂಗಡಿಗೆ ನಡೆಯಿರಿ.